ಗಂಜಿ, ಹೆಂಚು, ಕೈಪಂಪು

ದಾನವೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ನಮ್ಮ ಶಾಸನಗಳನ್ನು ಓದಿ ಬಲ್ಲವರಿಗೆ ಗೊತ್ತಿದೆ: ಅರಸರ ಬಿರುದಾವಳಿಯೆಲ್ಲ ಮುಗಿದ ಮೇಲೆ ಕಲ್ಲು ನಿಜವಾಗಿ ಹೇಳಹೊರಟ ಸಂಗತಿ ಯಾರು ಯಾರಿಗೆ ಏನನ್ನು ಕೊಟ್ಟರೆಂಬುದು. ಕೆರೆಯ ಜೀರ್ಣೋದ್ಧಾರಕ್ಕೆ ಬಿಟ್ಟ ಗದ್ದೆ, ನಂದಾದೀವಿಗೆಗೆ ಬಿಟ್ಟ ಗಾಣ, ದಾರಿಹೋಕರ ಬಾಯಾರಿಕೆಗೆ ಇಟ್ಟ ಅರವಟ್ಟಿಗೆ, ಓದುವ ಮಕ್ಕಳ ಊಟಕ್ಕೆ ಬಿಟ್ಟ ವೃತ್ತಿ—ಇವೇ ಆ ಬರಹಗಳ ತಿರುಳು. ಹನ್ನೆರಡನೆಯ ಶತಮಾನದ ಶರಣರು ಈ ದಾನದ ಭಾವವನ್ನೇ ತಿದ್ದಿ ‘ದಾಸೋಹ’ವೆಂದರು. ಕೊಡುವವನು ಮೇಲಿನ ಮೆಟ್ಟಿಲಲ್ಲಿ, ಕೊಳ್ಳುವವನು ಕೆಳಗಿನ ಮೆಟ್ಟಿಲಲ್ಲಿ ಎಂಬ ಅಂತರವನ್ನು ಅಳಿಸಿಬಿಡುವುದು ಆ ಶಬ್ದದ ಹುರುಳು.

ಹರಿಹರದ ಹರಿಹರೇಶ್ವರ ದೇವಾಲಯವನ್ನು ೧೨೨೪ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಥ ಪೋಲಾಳ್ವ. ಆ ಆವರಣದಲ್ಲಿ ನಿಂತಿರುವ ದಾನಶಾಸನಗಳನ್ನು ಓದಿ, ಅಚ್ಚಿಗೆ ತಂದು, ಲೋಕಕ್ಕೆ ತಿಳಿಸಿದವರು ಬಿ. ಎಲ್. ರೈಸ್ ಅವರು. ಚಿತ್ರದುರ್ಗ ಜಿಲ್ಲೆಯ ಶಾಸನಗಳ ಅವರ ಸಂಪುಟ ೧೯೦೩ರಲ್ಲಿ ಹೊರಬಂದಿತು. ಈ ರೈಸ್ ಅವರು ಬೆಂಗಳೂರಿನಲ್ಲಿ ೧೮೩೭ರಲ್ಲಿ ಹುಟ್ಟಿದವರು. ಲಂಡನ್ ಮಿಶನ್ನಿನ ಪಾದ್ರಿಯೊಬ್ಬರ ಮಗ. ನಮ್ಮ ದೇವಾಲಯದ ದಾನವನ್ನು ಪಾದ್ರಿಯ ಮಗ ಓದಿ ನಮಗೆ ಹೇಳಿದನಷ್ಟೆ. ಪಾದ್ರಿಗಳು ಈ ನಾಡಿಗೆ ಕೊಟ್ಟ ದಾನವನ್ನು ನಾವು ಓದಬೇಕಾದದ್ದು ಹೇಗೆ? ಸಮುದ್ರದಾಚೆಯ ಚರ್ಚುಗಳು ಬರಗಾಲದಲ್ಲಿ ಗಂಜಿಯನ್ನೂ ಅನಂತರ ದುಡಿಮೆಯನ್ನೂ ಇನ್ನೂ ಅನಂತರ ನೀರನ್ನೂ ಹೊತ್ತು ತಂದ ಕಥೆ ಸುಮಾರು ಎರಡು ನೂರು ವರ್ಷಗಳದು. ಅದನ್ನು ಕೇವಲ ಸ್ತುತಿಯಾಗಿ ಓದುವುದೂ ಸುಲಭ, ಕೇವಲ ಸಂಶಯದಿಂದ ಓದುವುದೂ ಸುಲಭ. ಎರಡನ್ನೂ ಬಿಟ್ಟು ಸಾವಧಾನವಾಗಿ ಓದುವ ಪ್ರಯತ್ನವೇ ಈ ಲೇಖನದ ಉದ್ದೇಶ.

★

ಹರಿಹರ ತಾಲ್ಲೂಕಿನ ನಂದಿಗುಡಿ ತುಂಗಭದ್ರೆಯ ಬಯಲಿಗೆ ಸೇರಿದ ಊರು. ಇಂದು ಈ ಬಯಲಿಗೆ ಭದ್ರೆಯ ಕಾಲುವೆಯ ನೀರು ಹರಿದುಬರುತ್ತದೆ, ಭತ್ತ ಬೆಳೆಯುತ್ತದೆ. ಕಾಲುವೆಯ ಕೊನೆಯ ಭಾಗದವರು ನೀರಿಗಾಗಿ ಕಾಯುವುದೂ ಉಂಟು. ಕಾಲುವೆಯಿಲ್ಲದ ಕಾಲದಲ್ಲಿ ಈ ನದೀತೀರದ ಹಳ್ಳಿಗಳೂ ಆಕಾಶವನ್ನೇ ನಂಬಿದ್ದುವು. ಮಗ್ಗುಲಲ್ಲಿ ನದಿ ಹರಿದರೂ ಹೊಲಕ್ಕೆ ನೀರು ಏರದೆಂಬುದು ಬಯಲುಸೀಮೆಯ ಹಳೆಯ ವಿಪರ್ಯಾಸ.

ಆ ಕಾಲದಲ್ಲಿ ತುಂಗಭದ್ರೆ ಗಡಿಯೂ ಆಗಿತ್ತು. ಈಚೆಯದು ಮೈಸೂರು ಸೀಮೆ. ಆಚೆಯ ರಾಣೆಬೆನ್ನೂರಿನ ಕಡೆಯದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ೧೮೬೮ರಲ್ಲಿ ಹರಿಹರದಲ್ಲಿ ಸೇತುವೆಯಾಯಿತಾದರೂ ೧೯೫೬ರ ನವೆಂಬರ್ ಒಂದರವರೆಗೆ ಎರಡು ದಡಗಳ ಕನ್ನಡಿಗರು ಎರಡು ಆಡಳಿತಗಳ ಪ್ರಜೆಗಳಾಗಿದ್ದರು. ಮಿಶನ್ನುಗಳೂ ಬಹುಮಟ್ಟಿಗೆ ಈ ಗಡಿಯನ್ನನುಸರಿಸಿ ಕ್ಷೇತ್ರಗಳನ್ನು ಹಂಚಿಕೊಂಡಿದ್ದುವು. ಈಚೆಯಲ್ಲಿ ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ ಮಿಶನ್ ಮತ್ತು ಲಂಡನ್ ಮಿಶನ್. ಆಚೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಬಾಸೆಲ್ ಮಿಶನ್. ಧಾರವಾಡ, ಹುಬ್ಬಳ್ಳಿ, ಗದಗು-ಬೆಟಗೇರಿ, ಗುಳೇದಗುಡ್ಡಗಳಲ್ಲಿ ಅದರ ಠಾಣ್ಯಗಳಿದ್ದುವು.

೧೮೭೬ರಲ್ಲಿ ಮಳೆ ಹೋಯಿತು. ಮರುವರ್ಷವೂ ಸಕಾಲಕ್ಕೆ ಬರಲಿಲ್ಲ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳನ್ನು ನುಂಗಿದುದರಿಂದ ‘ಧಾತು ಈಶ್ವರದ ಬರ’ವೆಂಬ ಹೆಸರು ಜನರ ಬಾಯಲ್ಲಿ ಉಳಿಯಿತು. ಅದರ ಭೀಕರತೆಯನ್ನು ವರ್ಣಿಸಲು ವಿಶೇಷಣಗಳು ಬೇಕಾಗಿಲ್ಲ, ಎರಡು ಜನಗಣತಿಗಳ ಅಂಕೆಗಳೇ ಸಾಕು. ಮೈಸೂರು ಸೀಮೆಯ ಜನಸಂಖ್ಯೆ ೧೮೭೧ರಲ್ಲಿ ೫೦,೫೫,೪೧೨ ಇದ್ದದ್ದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷ ಅರುವತ್ತೊಂಬತ್ತು ಸಾವಿರ ಮಂದಿಯಷ್ಟು ಕುಗ್ಗಿತು. ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ಕೂಸುಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಸರ್ಕಾರ ಗಂಜಿಯ ಕೇಂದ್ರಗಳನ್ನು ತೆರೆಯಿತು, ಕಾಮಗಾರಿಗಳನ್ನು ಹೂಡಿತು. ಆದರೆ ಅದರ ಕೈ ಬಿಗಿಯಾಗಿತ್ತು. ಮದರಾಸು, ಮುಂಬಯಿ ಆಧಿಪತ್ಯಗಳಲ್ಲಿ ರಿಚರ್ಡ್ ಟೆಂಪಲ್ಲನ ಸಲಹೆಯಂತೆ ಬರಗಾಲದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಮೇಲೊಂದಿಷ್ಟು ಕಾಸಿನ ಮಟ್ಟಕ್ಕೆ ಇಳಿಸಿದ್ದು ಇತಿಹಾಸದಲ್ಲಿ ಕುಪ್ರಸಿದ್ಧ. ೧೮೭೭ರಲ್ಲಿ ಲಂಡನ್ನಿನ ಮೇಯರ್ ಒಂದು ಪರಿಹಾರ ನಿಧಿಯನ್ನು ತೆರೆದಾಗ ಅಲ್ಲಿಯ ಸಾಮಾನ್ಯ ಜನರೂ ಅದಕ್ಕೆ ಹಣ ಹಾಕಿದರು. ಅದನ್ನು ಇಲ್ಲಿ ಹಂಚಿದ ಸಮಿತಿಗಳಲ್ಲಿ ಅಧಿಕಾರಿಗಳ ಜತೆಗೆ ಪಾದ್ರಿಗಳೂ ಇದ್ದರು. ಆ ಹಣದಲ್ಲಿ ದೊಡ್ಡ ಭಾಗ ಗಂಜಿಗೆ ಹೋಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎತ್ತು ಕಳೆದುಕೊಂಡವನಿಗೆ ಎತ್ತು, ಬೀಜ ತಿಂದು ಮುಗಿಸಿದವನಿಗೆ ಬೀಜ, ಮಾಡು ಬಿದ್ದವನಿಗೆ ಮಾಡು—ಹೀಗೆ ಬರ ಮುಗಿದ ಮೇಲೆ ಮತ್ತೆ ಬಾಳುವೆ ಹೂಡುವುದಕ್ಕೆ ಅದು ವಿನಿಯೋಗವಾಯಿತು. ಇಂದು ನಾವು ‘ಅಭಿವೃದ್ಧಿ’ ಎನ್ನುವ ವಿಚಾರದ ಮೊಳಕೆ ಇಲ್ಲಿದೆ: ಇಂದಿನ ಹಸಿವಿಗೆ ಉಣಿಸುವುದು ಒಂದು ಕೆಲಸ, ನಾಳೆ ತಾನೇ ಉಣ್ಣುವಂತೆ ಮಾಡುವುದು ಇನ್ನೊಂದು.

ಬರ ಉಳಿಸಿಹೋದ ದೊಡ್ಡ ಸಮಸ್ಯೆ ತಬ್ಬಲಿ ಮಕ್ಕಳದು. ವೆಸ್ಲಿಯನ್ ಮಿಶನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿತು. ತುಮಕೂರಿನಲ್ಲಿ ಕೈಕಸುಬನ್ನೂ ಕಲಿಸಿತು. ಕೆಥೊಲಿಕರು ಬೆಂಗಳೂರಿನ ಬಳಿ ಸಿಲುವೆಪುರದಂಥ ಹೊಸ ಊರುಗಳನ್ನೇ ಕಟ್ಟಿ ಬರದ ಅನಾಥರನ್ನು ಅಲ್ಲಿ ಒಕ್ಕಲು ಮಾಡಿದರು. ಈ ಮಕ್ಕಳು ಬದುಕಿದರು, ಅಕ್ಷರ ಕಲಿತರು, ಕ್ರೈಸ್ತರಾಗಿಯೂ ಬೆಳೆದರು. ಇಲ್ಲಿಯೇ ಈ ಕಥೆಯ ಮುಳ್ಳು ಇರುವುದು. ಹಸಿದ ಮಗುವಿಗೆ ಆಯ್ಕೆಯೆಂಬುದು ಇರುತ್ತದೆಯೇ? ತಂದೆತಾಯಿಗಳ ದೇವರನ್ನು ಬಿಟ್ಟದ್ದು ಆ ಮಗುವಿನ ನಿರ್ಣಯವೇ, ಅನ್ನದ ನಿರ್ಣಯವೇ? ಈ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ. ಆದರೆ ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ: ಆ ಮಗು ಬೀದಿಯಲ್ಲಿ ಬಿದ್ದಿದ್ದಾಗ ಅದರ ಜಾತಿಯವರ, ಊರವರ, ಮಠಮಾನ್ಯಗಳ ಬಾಗಿಲುಗಳು ಎಷ್ಟು ತೆರೆದಿದ್ದುವು? ಮೊದಲನೆಯ ಪ್ರಶ್ನೆಯನ್ನಷ್ಟೇ ಕೇಳುವವನು ಅರ್ಧ ಪ್ರಾಮಾಣಿಕ. ಅದೇ ತುಮಕೂರಿನ ಸಿದ್ಧಗಂಗೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವ ದಾಸೋಹ ಬೆಳೆದು ನಿಂತಿತು. ಮಿಶನ್ನಿನ ಉದಾಹರಣೆ ನಮ್ಮ ಮಠಗಳಿಗೆ ತಮ್ಮದೇ ಹಳೆಯ ಆದರ್ಶವನ್ನು ನೆನಪಿಗೆ ತಂದುಕೊಟ್ಟಿರಬಹುದೆಂದು ಊಹಿಸಲು ಅವಕಾಶವುಂಟು.

★

ಬರಗಾಲದ ಗಂಜಿಗಿಂತ ಮೊದಲೇ ಬಾಸೆಲ್ ಮಿಶನ್ ಬೇರೊಂದು ತೊಡಕನ್ನು ಎದುರಿಸಿತ್ತು. ೧೮೧೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಮತಾಂತರ ಹೊಂದಿದವನು ಅಂದೇ ಜಾತಿಯನ್ನು ಕಳೆದುಕೊಳ್ಳುತ್ತಿದ್ದ. ಜಾತಿಯೊಡನೆ ಕಸುಬು, ಗೇಣಿಯ ಭೂಮಿ, ಕೆಲವೊಮ್ಮೆ ಮನೆಯೂ ಹೋಗುತ್ತಿತ್ತು. ಅಂಥವನಿಗೆ ನಿತ್ಯವೂ ಅನ್ನ ಹಾಕಿದರೆ ಅವನು ಪರಾವಲಂಬಿಯಾಗುತ್ತಾನೆ. ಹಾಕದಿದ್ದರೆ ಉಪವಾಸ ಬೀಳುತ್ತಾನೆ. ಈ ಇಕ್ಕಟ್ಟಿನಿಂದ ಹುಟ್ಟಿದ್ದು ಮಿಶನ್ನಿನ ಕೈಗಾರಿಕೆ.

ಆರಂಭದ ಪ್ರಯತ್ನಗಳು ಹಲವು ಸೋತುವು. ಗದಗಿನ ಬಳಿಯ ಮಲಸಮುದ್ರದಲ್ಲಿ ೧೮೪೦ರ ದಶಕದಲ್ಲಿ ಹೂಡಿದ ಒಕ್ಕಲುತನದ ವಸಾಹತು ಬಹುಕಾಲ ನಿಲ್ಲಲಿಲ್ಲ. ನೇಯ್ಗೆ ಮಂಗಳೂರಿನಲ್ಲಿ ಕೈಹಿಡಿಯಿತು. ನೇಕಾರನಾದ ಹಾಲರ್ ೧೮೫೧ರಲ್ಲಿ ಬಂದ ಮೇಲೆ ಅಲ್ಲಿಯ ಬಟ್ಟೆಗೆ ಹೆಸರು ಬಂದಿತು. ಆದರೆ ನಾಡಿನ ಮೋರೆಯನ್ನೇ ಬದಲಿಸಿದ್ದು ಹೆಂಚು. ಯಂತ್ರದ ಕೆಲಸವನ್ನೂ ಅಚ್ಚುಕೂಟದ ಕೆಲಸವನ್ನೂ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಫ್ರಾನ್ಸಿನ ಗಿಲಾರ್ಡೋನಿ ಸೋದರರ ಮಾದರಿಯನ್ನು ಹೋಲುವ ಆ ಹೆಂಚಿಗೆ ಅಂಚಿನಲ್ಲಿ ತೋಡುಗಳಿದ್ದುವು. ಒಂದು ಇನ್ನೊಂದನ್ನು ಹಿಡಿದುಕೊಂಡು, ಗಾರೆಯ ಹಂಗಿಲ್ಲದೆ ಮಾಡಿನ ಮೇಲೆ ಕೂಡುತ್ತಿತ್ತು. ವರ್ಷವರ್ಷವೂ ಹೊದಿಸಬೇಕಾದ, ಒಂದು ಕಿಡಿಗೆ ಬೂದಿಯಾಗುವ ಹುಲ್ಲಿನ ಮಾಡಿಗೆ ಪ್ರತಿಯಾಗಿ, ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸಿದರೆ ಸರಿಹೋಗುವ ಮಾಡು ಬಂದಿತು. ದಾವಣಗೆರೆ, ಹರಿಹರದ ಕಡೆಯ ಹಳ್ಳಿಗಳಲ್ಲಿಯೂ ಇಂದು ಉಳಿದಿರುವ ಹಳೆಯ ಮನೆಗಳ ಮೇಲೆ ಕಾಣುವ ‘ಮಂಗಳೂರು ಹೆಂಚು’ ಈ ವಂಶದ್ದು.

ಮಿಶನ್ನಿನ ಗುಟ್ಟು ಮಿಶನ್ನಿನಲ್ಲಿಯೇ ಉಳಿಯಲಿಲ್ಲವೆಂಬುದು ಇದಕ್ಕಿಂತಲೂ ಮುಖ್ಯ. ಮೂರೇ ವರ್ಷಗಳಲ್ಲಿ, ೧೮೬೮ರಲ್ಲಿ, ಮಂಗಳೂರಿನವರೇ ಆದ ಆಲ್ಬುಕರ್ಕ್ ಅವರ ಕಾರ್ಖಾನೆ ತಲೆಯೆತ್ತಿತು. ಆಮೇಲೆ ಹೊಳೆಯ ದಡದುದ್ದಕ್ಕೂ ಚಿಮಣಿಗಳು ಎದ್ದುವು. ಒಂದು ಸಣ್ಣ ಕ್ರೈಸ್ತ ಸಮುದಾಯಕ್ಕೆ ಉದ್ಯೋಗ ಒದಗಿಸಲೆಂದು ಹುಟ್ಟಿದ ಕಸುಬು ಎಲ್ಲ ಮತದವರ ಮನೆಯ ಮಾಡಾಯಿತು. ಆ ಕಾರ್ಖಾನೆಯ ಬಾಳು ಸುಖದ್ದಾಗಿತ್ತೆಂದು ಹೇಳಲಾಗದು. ಗಂಟೆಗೆ ಕಟ್ಟುಬಿದ್ದ ದುಡಿಮೆ, ಪ್ರಾರ್ಥನೆಗೂ ಶಿಸ್ತಿಗೂ ಕಟ್ಟುಬಿದ್ದ ಬಾಳುವೆ, ಮಣ್ಣು ಹೊರುವ ಹೆಂಗಸರ ಶ್ರಮ. ಒಡೆಯನೂ ಪಾದ್ರಿಯೂ ಒಬ್ಬನೇ ಆದಾಗ ಕೂಲಿಯವನು ದೂರು ಕೊಡುವುದಾದರೂ ಯಾರಿಗೆ? ಉಳಿತಾಯಕ್ಕೂ ಕಾಯಿಲೆಯ ದಿನಗಳಿಗೂ ನಿಧಿಗಳನ್ನು ಏರ್ಪಡಿಸಿದ ಅದೇ ಮಿಶನ್, ದುಡಿಯುವವನ ಇಡೀ ಬದುಕಿನ ಮೇಲೆ ತನ್ನ ಕಣ್ಣನ್ನೂ ಇಟ್ಟಿತ್ತು. ೧೯೧೪ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಸೆರೆಯಾಗಿ ದೇಶ ಬಿಟ್ಟರು. ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಕೊಟ್ಟವರು ಹೋದರೂ ಹೆಂಚಿನ ಕಸುಬು ನಿಂತಿತು. ಯಾವ ದಾನಕ್ಕಾದರೂ ಇದು ತಕ್ಕ ಪರೀಕ್ಷೆ.

★

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಿಶನ್ನಿನ ಇನ್ನೊಂದು ಮುಖ ಚಿರಪರಿಚಿತ. ಮಂಗಳೂರಿನಲ್ಲಿ ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು; ೧೮೪೩ರ ಜುಲೈ ಒಂದರಂದು ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದು ಕನ್ನಡ ಪತ್ರಿಕೆಗಳ ವಂಶಕ್ಕೆ ಮೊದಲಾಯಿತು. ಕಿಟ್ಟೆಲ್ ಅವರು ೧೮೫೩ರಲ್ಲಿ ಬಂದು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅಚ್ಚಿಗೆ ತಂದರು, ಅವರ ಮಹಾನಿಘಂಟು ೧೮೯೪ರಲ್ಲಿ ಪ್ರಕಟವಾಯಿತು. ಇವು ಎಲ್ಲರೂ ಬಲ್ಲ ಸಂಗತಿಗಳು.

ಇಲ್ಲಿ ನಮಗೆ ಬೇಕಾದದ್ದು ಒಂದೇ ಅಂಶ. ಮೋಗ್ಲಿಂಗ್ ಅವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚಾದುವು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ಒಂದು ಧರ್ಮವನ್ನು ಸಾರಲು ಬಂದವರು ಬೇರೆ ಧರ್ಮಗಳ ಪವಿತ್ರ ಗ್ರಂಥಗಳನ್ನು ಅಚ್ಚು ಮಾಡಿ ಆ ಜನರ ಕೈಯಲ್ಲಿಟ್ಟರು. ನಾಡನ್ನು ಗೆಲ್ಲಲು ನಾಡಿನ ನುಡಿಯನ್ನು ಕಲಿಯಬೇಕೆಂಬ ಲೆಕ್ಕಾಚಾರವೂ ಅದರ ಹಿಂದೆ ಇದ್ದಿತೆನ್ನಿ. ಆದರೆ ಕಲಿಯುತ್ತ ಕಲಿಯುತ್ತ ಕಲಿಯುವವನೇ ಗೆಲ್ಲಲ್ಪಟ್ಟನು. ಹಳಗನ್ನಡದ ಒಂದೊಂದು ಶಬ್ದಕ್ಕೂ ಪ್ರಯೋಗವನ್ನು ಹುಡುಕಿ ದಶಕಗಳನ್ನು ಸವೆಸಿದ ಕಿಟ್ಟೆಲ್ಲರ ಶ್ರಮವನ್ನು ಮತಪ್ರಚಾರದ ಉಪಕರಣವೆಂದು ಮಾತ್ರ ಕರೆದರೆ ಮಾತು ಚಿಕ್ಕದಾಗುತ್ತದೆ. ನೆರವು ನೀಡಲು ಬಂದವನು ನೆರವು ಪಡೆಯುವವನ ಭಾಷೆಯನ್ನು ಅವನ ಸಮಕ್ಕೆ ಕುಳಿತು ಕಲಿತಾಗ ಮೇಲು-ಕೀಳಿನ ಮೆಟ್ಟಿಲು ಅಷ್ಟರಮಟ್ಟಿಗೆ ಕರಗುತ್ತದೆ. ಇಂದಿನ ಸೇವಾಸಂಸ್ಥೆಗಳ ವರದಿಗಳು ಎಷ್ಟೋ ವೇಳೆ ಹಳ್ಳಿಯವನಿಗೆ ತಿಳಿಯದ ಭಾಷೆಯಲ್ಲಿ, ದೂರದ ಧನದಾತರ ಓದಿಗಾಗಿ ಸಿದ್ಧವಾಗುತ್ತವೆ. ಈ ದೃಷ್ಟಿಯಿಂದ ನೋಡಿದರೆ ನಾವು ಮುಂದೆ ಬಂದಿದ್ದೇವೆಯೋ ಹಿಂದೆ ಸರಿದಿದ್ದೇವೆಯೋ ಹೇಳುವುದು ಕಷ್ಟ.

★

ಎರಡನೆಯ ಮಹಾಯುದ್ಧದ ಅನಂತರ ಕಥೆಯ ಸ್ವರೂಪ ಬದಲಾಯಿತು. ಯುದ್ಧದಿಂದ ಹಾಳಾದ ಯೂರೋಪಿಗೆ ನೆರವಾಗಲೆಂದು ಅಮೆರಿಕ, ಇಂಗ್ಲೆಂಡುಗಳ ಚರ್ಚುಗಳು ಪರಿಹಾರ ಸಂಸ್ಥೆಗಳನ್ನು ಕಟ್ಟಿದುವು. ಲೂಥರನ್ ವರ್ಲ್ಡ್ ರಿಲೀಫ್ ೧೯೪೫ರದು, ಚರ್ಚ್ ವರ್ಲ್ಡ್ ಸರ್ವಿಸ್ ೧೯೪೬ರದು. ನಮ್ಮಲ್ಲಿ ದೇಶವಿಭಜನೆಯ ನಿರಾಶ್ರಿತರ ಸೇವೆಗೆಂದು ೧೯೪೭ರಲ್ಲಿ ಹುಟ್ಟಿದ ಚರ್ಚುಗಳ ಸಂಘಟನೆ ಮುಂದೆ ‘ಕಾಸಾ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇರೆ ಬೇರೆ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. ವಿದೇಶೀ ಮಿಶನ್ನಿನ ಯಜಮಾನಿಕೆ ಕ್ರಮೇಣ ಇಲ್ಲಿಯವರ ಕೈಗೆ ಬಂದಿತು. ಯುದ್ಧದಲ್ಲಿ ಸೋತು, ಇತರರ ಗೋಧಿಯನ್ನು ತಿಂದು ಚೇತರಿಸಿಕೊಂಡ ಜರ್ಮನಿಯ ಚರ್ಚುಗಳು ೧೯೫೯ರಲ್ಲಿ ‘ಲೋಕಕ್ಕೆ ರೊಟ್ಟಿ’ ಎಂಬರ್ಥದ ಹೆಸರಿನ ನಿಧಿಯನ್ನು ಆರಂಭಿಸಿದುವು. ಪಡೆದವನು ಕೊಡುವವನಾದ ಈ ಪರಿವರ್ತನೆ ಮನನೀಯ.

೧೯೬೦ರ ದಶಕದ ನೆರವೆಂದರೆ ಈಗ ಅರುವತ್ತು ದಾಟಿದ ಹಿರಿಯರಿಗೆ ಶಾಲೆಯ ಹಳದಿ ಉಪ್ಪಿಟ್ಟು, ಹಾಲಿನ ಪುಡಿಗಳು ನೆನಪಾಗುತ್ತವೆ. ಅವನ್ನು ಒದಗಿಸಿದ ‘ಕೇರ್’ ಚರ್ಚಿನ ಸಂಸ್ಥೆಯಲ್ಲ. ಆದರೆ ಚರ್ಚಿನ ಸಂಸ್ಥೆಗಳೂ ಆಗ ಬಹುಮಟ್ಟಿಗೆ ಅಮೆರಿಕದ ಮಿಗುತೆ ಧಾನ್ಯವನ್ನೇ ಹಂಚುತ್ತಿದ್ದುವು. ೧೯೬೬ರ ಸುಮಾರಿಗೆ ಬಿಹಾರದ ಬರ ಎಲ್ಲರ ಕಣ್ಣು ತೆರೆಯಿಸಿತು. ಹಡಗಿನ ಮೇಲೆ ಹಡಗು ಗೋಧಿ ತರುವುದಕ್ಕಿಂತ ನೆಲದೊಳಗಿನ ನೀರನ್ನು ತೆಗೆಯುವುದು ಮೇಲೆಂಬ ವಿವೇಕ ಮೂಡಿತು. ಪ್ರಾಟೆಸ್ಟಂಟರೂ ಕೆಥೊಲಿಕರೂ ಕೂಡಿ ‘ಆಫ್‌ಪ್ರೊ’ ಎಂಬ ಸಂಸ್ಥೆಯನ್ನು ೧೯೬೬ರಲ್ಲಿ ಹುಟ್ಟಿಸಿದ್ದು ಈ ವಿವೇಕದಿಂದಲೇ. ಗಾಳಿಯ ಒತ್ತಡದಿಂದ ಗಟ್ಟಿಬಂಡೆಯನ್ನು ಕೊರೆಯುವ ಯಂತ್ರಗಳು ಬಂದುವು. ದಖ್ಖನ್ನಿನ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿದ್ದೂ ತೋಡಿದ್ದೇ.

ಆದರೆ ನೀರನ್ನು ಮೇಲೆತ್ತುವ ಕೈಪಂಪು ತಿಂಗಳೊಪ್ಪತ್ತಿನಲ್ಲಿ ಕೆಡುತ್ತಿತ್ತು. ಅದು ಪಶ್ಚಿಮದ ಒಂದು ಮನೆಯವರ ಬಳಕೆಗೆಂದು ಎರಕ ಹೊಯ್ದ ಮಾದರಿ. ಇಲ್ಲಿ ಇಡೀ ಕೇರಿ ಬೆಳಗಿನಿಂದ ಇರುಳಿನವರೆಗೆ ಅದನ್ನು ಒತ್ತುತ್ತಿತ್ತು. ಪರಿಹಾರ ಬಂದದ್ದು ಸೊಲ್ಲಾಪುರದಿಂದ. ಅಲ್ಲಿದ್ದ ಸ್ವೀಡನ್ನಿನ ಮಿಶನರಿ ಆಸ್ಕರ್ ಕಾರ್ಲ್‌ಸನ್ ಉಕ್ಕಿನಿಂದ ಗಟ್ಟಿಮುಟ್ಟಾದ ಪಂಪೊಂದನ್ನು ರೂಪಿಸಿದರು. ಬಹುಬೇಗ ಸವೆಯುತ್ತಿದ್ದ ಹಲವು ಕೀಲುಗಳ ಬದಲಿಗೆ ಒಂದೇ ಕೀಲು, ಸರಳನ್ನು ನೆಟ್ಟಗೆ ಎಳೆಯುವ ಒಂದು ಸರಪಣಿ. ೧೯೭೦ರ ದಶಕದ ನಡುವಿನಿಂದ ಭಾರತ ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಇದನ್ನು ಆಧಾರವಾಗಿಟ್ಟುಕೊಂಡು ತಿದ್ದಿ ‘ಇಂಡಿಯಾ ಮಾರ್ಕ್ ೨’ ಎಂಬ ಪಂಪನ್ನು ನಿರ್ಮಿಸಿದುವು. ಅದಕ್ಕೆ ಯಾರೂ ಏಕಸ್ವಾಮ್ಯವನ್ನು ಪಡೆಯಲಿಲ್ಲ. ಅದು ಆಫ್ರಿಕದ ಹಳ್ಳಿಗಳಿಗೂ ಹೋಯಿತು. ನಮ್ಮ ಹಳ್ಳಿಗಳಲ್ಲಿ ‘ಬೋರಿಂಗು’ ಎಂಬ ಹೆಸರು ಪಡೆದು ಕೇರಿಗಳ ನಡುವೆ ನಿಂತಿತು.

ಸೊಲ್ಲಾಪುರವೆಂದರೆ ಶರಣರ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಜನರನ್ನು ಕೂಡಿಸಿ ಕೆರೆಯನ್ನು ತೋಡಿಸಿದ ಊರು. ಕನ್ನಡದ ಮಾತು ಇಂದಿಗೂ ಕೇಳಿಬರುವ ಆ ಊರಿನಿಂದಲೇ ಎಂಟು ನೂರು ವರ್ಷಗಳ ಅನಂತರ ಬಡವರ ನೀರಿನ ಇನ್ನೊಂದು ಉಪಾಯ ಹೊರಟಿತು. ಒಬ್ಬನು ಶಿವಯೋಗಿ, ಒಬ್ಬನು ಸ್ವೀಡನ್ನಿನ ಕ್ರೈಸ್ತ. ನೀರಡಿಕೆ ಇಬ್ಬರಿಗೂ ಒಂದೇ ಆಗಿ ಕಂಡಿತು.

ಈ ಪಂಪಿನ ಕಥೆಗೂ ಮುಳ್ಳಿದೆ. ಕೊಳವೆಬಾವಿಯ ವಿದ್ಯೆ ಕುಡಿಯುವ ನೀರಿಗೆಂದು ಬಂದು ನೀರಾವರಿಗೂ ಹಬ್ಬಿತು. ವಿದ್ಯುತ್ತಿನ ಪಂಪುಗಳು ಆಳ ಆಳಕ್ಕೆ ಇಳಿದಂತ ಅಂತರ್ಜಲ ಕೆಳಸರಿದು ಎಷ್ಟೋ ಕೈಪಂಪುಗಳು ಬತ್ತಿ ನಿಂತುವು. ಜಗಳೂರಿನ ಕಡೆ ಆಳದ ನೀರಿನೊಡನೆ ಫ್ಲೋರೈಡೂ ಬಂದು ಜನರ ಹಲ್ಲು, ಎಲುಬುಗಳನ್ನು ಕೆಡಿಸಿತು. ಒಳ್ಳೆಯ ಕೊಡುಗೆಯೂ ಅದನ್ನು ಆಳುವ ವಿವೇಕವಿಲ್ಲದಿದ್ದರೆ ಮುಗಿದುಹೋಗುತ್ತದೆ. ಸಿದ್ಧರಾಮನ ಕೆರೆ ಮಳೆಯನ್ನು ಕೂಡಿಟ್ಟಿತು. ಬೋರಿಂಗು ಕೂಡಿಟ್ಟದ್ದನ್ನು ತೆಗೆಯಿತು. ಎರಡೂ ಬೇಕೆಂಬುದನ್ನು ಈಗ ಕಷ್ಟಪಟ್ಟು ಕಲಿಯುತ್ತಿದ್ದೇವೆ.

★

ಪರದೇಶದ ಹಣದ ವಿಷಯದಲ್ಲಿ ನಮ್ಮ ಸರ್ಕಾರ ೧೯೭೬ರಲ್ಲಿ ಒಂದು ಕಾಯಿದೆಯನ್ನು ಮಾಡಿ, ೨೦೧೦ರಲ್ಲಿ ಹೊಸದನ್ನು ತಂದು, ೨೦೨೦ರಲ್ಲಿ ಅದನ್ನು ಮತ್ತೂ ಬಿಗಿಗೊಳಿಸಿತು. ಲೆಕ್ಕ ಕೇಳುವುದು ಸರ್ಕಾರದ ಧರ್ಮ, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಹಣದ ಲೆಕ್ಕದಿಂದ ದಾನದ ಲೆಕ್ಕ ಮುಗಿಯುವುದಿಲ್ಲ. ಕೊಟ್ಟದ್ದು ಪಡೆದವನ ಕೈಯಲ್ಲಿ ನಿಂತಿತೇ, ಅವನು ಅದನ್ನು ತನ್ನದಾಗಿ ಬೆಳೆಸಿದನೇ, ಪಡೆಯುವಾಗ ಅವನು ತಲೆಬಾಗಿಸಬೇಕಾಯಿತೇ—ಈ ಲೆಕ್ಕವನ್ನು ಯಾವ ಕಚೇರಿಯೂ ಮಾಡಲಾರದು. ಆ ತೂಕದಲ್ಲಿ ಹೆಂಚೂ ನಿಘಂಟೂ ಕೈಪಂಪೂ ಭಾರವಾಗಿಯೇ ನಿಲ್ಲುತ್ತವೆ. ಗಂಜಿ ಹಗುರಾದುದೆಂದು ತಿಳಿಯಬಾರದು. ಗಂಜಿಯಿಲ್ಲದಿದ್ದರೆ ಹೆಂಚನ್ನು ಹೊರಲು ಯಾರೂ ಉಳಿಯುತ್ತಿರಲಿಲ್ಲ. ಆದರೆ ಆ ಗಂಜಿಯ ಬಟ್ಟಲಿನಲ್ಲಿ ಮಗುವಿನ ಮನಸ್ಸಿನ ಬೆಲೆಯೂ ಸೇರಿದ್ದರೆ ಅದನ್ನು ಮುಚ್ಚಿಡದೆ ಹೇಳುವುದು ಇತಿಹಾಸಕಾರನ ಕರ್ತವ್ಯ.

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸ ಉಳಿದಿದೆ. ಮಿಶನ್ನುಗಳ ವರದಿಗಳೆಲ್ಲ ಕೊಟ್ಟವರು ಬರೆದವು. ಬರಗಾಲದ ದಾಖಲೆಗಳು ಅಧಿಕಾರಿಗಳು ಬರೆದವು. ಉಪ್ಪಿಟ್ಟು ತಿಂದವರು, ಹೆಂಚು ಹೊತ್ತವರ ಮೊಮ್ಮಕ್ಕಳು, ಊರಿಗೆ ಮೊದಲ ಬೋರಿಂಗು ಬಂದ ದಿನವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ನಂದಿಗುಡಿಯಂಥ ಹಳ್ಳಿಗಳ ಜಗುಲಿಗಳಲ್ಲಿ ಕುಳಿತು ಅವರ ಮಾತನ್ನು ಅವರ ಕನ್ನಡದಲ್ಲಿಯೇ ಬರೆದುಕೊಳ್ಳಬೇಕು. ಹರಿಹರದ ಕಲ್ಲುಗಳು ಕೊಟ್ಟವರ ಹೆಸರನ್ನು ಎಂಟು ಶತಮಾನ ಕಾಪಾಡಿವೆ. ಪಡೆದವರು ಏನೆಂದರೆಂಬುದು ಯಾವ ಕಲ್ಲಿನಲ್ಲಿಯೂ ಇಲ್ಲ. ಅದನ್ನು ಬರೆದಿಡುವ ಸರದಿ ನಮ್ಮದು.